ಅಜ್ಜನಿಗೆ ಕಾಣದ ರಕ್ತ, ಜಿಂಕೆಗೆ ಕಾಣದ ಹುಲಿ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಬಂತೆಂದರೆ ಒಂಬತ್ತು ದಿನ ಜಿಂಕೆ ಬೇಟೆ. ಅಜ್ಜ, ಮಗಳು, ಅಳಿಯ, ಮೊಮ್ಮಗ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ನಮ್ಮಲ್ಲಿ ಊರ ಜಾತ್ರೆಗೆ ಹೊರಟ ಹಾಗೆ. ನಾವು ಅಲ್ಲಿದ್ದಾಗ ಪಕ್ಕದ ಮನೆಯ ಅಜ್ಜ ಒಂದು ವರ್ಷ ನನ್ನನ್ನೂ ಕರೆದರು. ಬಂದೂಕು ಮುಟ್ಟಿದವನಲ್ಲ ನಾನು, ಸುಮ್ನೆ ನೋಡಲು ಹೋದೆ.

ಸಂಜೆ ನಾಲ್ಕರ ಸುಮಾರಿಗೆ ಅಜ್ಜ ಈಡು ಹೊಡೆದರು. ಬಿಳಿಬಾಲದ ಜಿಂಕೆ ಒಮ್ಮೆ ಎಗರಿ ಪೊದೆಯೊಳಗೆ ಮಾಯವಾಯಿತು. ಅಜ್ಜ ಕೂತಲ್ಲಿಂದ ಏಳಲೇ ಇಲ್ಲ. ಗಡಿಯಾರ ನೋಡಿಕೊಂಡು ಅರ್ಧ ಗಂಟೆ ಹಾಗೇ ಕೂತರು. ಗಾಯಗೊಂಡ ಜಿಂಕೆಯನ್ನು ಬೆನ್ನಟ್ಟಿದರೆ ಅದು ಮೈಲಿಗಟ್ಟಲೆ ಓಡುತ್ತದೆ. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ. ಆಮೇಲೆ ಮಗಳಿಗೆ ಫೋನ್ ಮಾಡಿದರು: "ಬಾ ಮಗಳೇ, ನಿನ್ನ ಕಣ್ಣು ಬೇಕು."

ಮಗಳು ಬಂದು ಬಗ್ಗಿ ನೋಡಿದಳು. ಒಣಗಿದ ಮೇಪಲ್ ಎಲೆ, ಇನ್ನೂ ಹಸಿರಿದ್ದ ಪಾಚಿ, ಹುಲ್ಲು. "ಇಲ್ಲಿದೆ. ಇಲ್ಲೂ ಇದೆ. ನೊರೆ ಇದೆಯಪ್ಪ, ಶ್ವಾಸಕೋಶಕ್ಕೇ ಬಿದ್ದಿದೆ." ರಕ್ತ ಕಪ್ಪುಗೆಂಪಾಗಿದ್ದರೆ ಏಟು ಯಕೃತ್ತಿಗೆ, ಕೆಲವು ಗಂಟೆ ಕಾಯಬೇಕು. ಜೊತೆಗೆ ಹಸಿರು ಕಸರು, ಕೆಟ್ಟ ವಾಸನೆ ಇದ್ದರೆ ಹೊಟ್ಟೆಗೆ. ಆಗ ಮನೆಗೆ ಹೋಗಿ ಬೆಳಿಗ್ಗೆ ಬರುವುದೇ ವಾಸಿ. ಅಜ್ಜನಿಗೆ ಇದೆಲ್ಲ ಬಾಯಿಪಾಠ. ಆದರೆ ಮಗಳು ಬೆರಳಿಟ್ಟು ತೋರಿಸಿದ ಹನಿಯೇ ಅವರಿಗೆ ಕಾಣುತ್ತಿರಲಿಲ್ಲ. ಅವರಿಗೆ ಬಣ್ಣಗುರುಡು. ಹಿಮ ಬಿದ್ದಿದ್ದರೆ ಬಿಳಿ ನೆಲದ ಮೇಲೆ ಕರಿ ಚುಕ್ಕೆಯಾಗಿಯಾದರೂ ಕಾಣುತ್ತಿತ್ತು. ಆ ವರ್ಷ ಹಿಮ ಇನ್ನೂ ಬಿದ್ದಿರಲಿಲ್ಲ.

ಬಣ್ಣಗುರುಡು ಎಂದ ಕೂಡಲೇ ಅವರಿಗೆ ಲೋಕವೆಲ್ಲ ಹಳೆ ಸಿನಿಮಾದಂತೆ ಕಪ್ಪು ಬಿಳುಪು ಎಂದುಕೊಳ್ಳುವವರೇ ಜಾಸ್ತಿ. ಶುದ್ಧ ತಪ್ಪು. ಅಜ್ಜನಿಗೆ ನೀಲಿ ಗೊತ್ತು, ಹಳದಿ ಗೊತ್ತು. ಕೆಂಪು ಮತ್ತು ಹಸಿರಿನ ನಡುವಿನ ಬೇಲಿ ಮಾತ್ರ ಇಲ್ಲ.

ಈ ಬೇಲಿಯ ಕಥೆ ನನಗೆ ಎಷ್ಟು ಸಲ ಹೇಳಿದರೂ ಸಾಕಾಗುವುದಿಲ್ಲ. ನಮ್ಮ ಕಣ್ಣಿನಲ್ಲಿ ಬಣ್ಣ ಹಿಡಿಯುವ ಮೂರು ಬಗೆಯ ಶಂಕು ಕೋಶಗಳಲ್ಲಿ 'ಕೆಂಪು' ಮತ್ತು 'ಹಸಿರು' ಎಂದು ಕರೆಯುವ ಎರಡು ಬಹಳ ಹತ್ತಿರದವು. ಒಂದು ಸುಮಾರು 560 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ, ಇನ್ನೊಂದು 530ಕ್ಕೆ. ಮಿದುಳು ಕೆಂಪನ್ನು ನೇರವಾಗಿ ನೋಡುವುದಿಲ್ಲ. ಎರಡರ ಲೆಕ್ಕ ತರಿಸಿಕೊಂಡು ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ತಕ್ಕಡಿ ಅಂದುಕೊಳ್ಳಿ. ಎಲೆ ಇಟ್ಟರೆ ಎರಡೂ ತಟ್ಟೆ ಹೆಚ್ಚುಕಡಿಮೆ ಸಮ. ರಕ್ತದ ಹನಿ ಇಟ್ಟರೆ ಒಂದು ತಟ್ಟೆ ದಡಕ್ಕನೆ ಇಳಿಯುತ್ತದೆ, ಏಕೆಂದರೆ ರಕ್ತದ ಹಿಮೋಗ್ಲೋಬಿನ್ 540ರಿಂದ 577ರ ಆಸುಪಾಸಿನ ಬೆಳಕನ್ನು ನುಂಗಿ 600ರ ಮೇಲಿನ ಕೆಂಪನ್ನು ವಾಪಸ್ ಎಸೆಯುತ್ತದೆ. ಎಲೆಯ ಹಸಿರು ಕೆಂಪು ಬೆಳಕನ್ನೇ ನುಂಗುತ್ತದೆ. ಈಗ ಒಂದು ತಟ್ಟೆ ಕಿತ್ತುಹಾಕಿ. ಎಲೆ, ರಕ್ತ ಎರಡಕ್ಕೂ ತೂಕವೇನೋ ಇದೆ, ಆದರೆ ಹೋಲಿಸಲು ಇನ್ನೊಂದು ಬದಿಯೇ ಇಲ್ಲ. ಅಥವಾ ಅಡುಗೆಮನೆಗೆ ಬನ್ನಿ. ಸಾರಿನ ರುಚಿ ನೋಡಲು ಖಾರ ಹೇಳುವ ನಾಲಿಗೆ ಒಂದು, ಹುಳಿ ಹೇಳುವ ನಾಲಿಗೆ ಒಂದು ಇವೆ ಎಂದುಕೊಳ್ಳಿ. ಎರಡರ ಬದಲು 'ಏನೋ ಚುರುಕ್ಕೆಂದಿತು' ಎನ್ನುವ ಒಂದೇ ನಾಲಿಗೆ ಉಳಿದರೆ? ಅಜ್ಜನ ಕಣ್ಣು ಹೇಳುವುದೂ ಅಷ್ಟೇ.

ಇದನ್ನು ಮೊದಲು ಜಗತ್ತಿಗೆ ಚೆನ್ನಾಗಿ ವಿವರಿಸಿದವರು ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್, 1794ರಲ್ಲಿ, ತಮ್ಮ ಕಣ್ಣನ್ನೇ ಉದಾಹರಣೆಯಾಗಿಟ್ಟು. ರಕ್ತ ತಮಗೆ ಬಾಟಲಿಯ ಕಡು ಹಸಿರಿಗೆ ಹತ್ತಿರವಾಗಿ ಕಾಣುತ್ತದೆ ಎಂದು ಬರೆದರು! ತಮ್ಮ ಕಣ್ಣೊಳಗಿನ ದ್ರವ ನೀಲಿ ಇರಬೇಕೆಂದು ಅವರ ಊಹೆ. ಸತ್ತ ಮೇಲೆ ಕಣ್ಣು ಬಿಚ್ಚಿ ನೋಡಿ ಎಂದರು. 1844ರಲ್ಲಿ ನೋಡಿದರು. ದ್ರವ ನೀರಿನಂತೆ ತಿಳಿ. ಉಳಿಸಿಟ್ಟ ಚೂರಿನ ಡಿಎನ್ಎ ಪರೀಕ್ಷೆಯಾಗಿದ್ದು 1990ರ ದಶಕದಲ್ಲಿ. ಹಸಿರು ಶಂಕುವಿನ ಜೀನೇ ಇರಲಿಲ್ಲ.

ಆ ಜೀನು ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಸರಿಗೆ ಅದು ಒಂದೇ, ಕೆಟ್ಟರೆ ಕೆಟ್ಟಿತು. ಹೆಂಗಸರಿಗೆ ಎರಡು. ಹಾಗಾಗಿ ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಈ ತೊಂದರೆ, ಹೆಂಗಸರಲ್ಲಿ 200ಕ್ಕೆ ಒಬ್ಬರಿಗೆ. ಬೇಟೆಗೆ ಹೊರಟಾಗ ಹೆಂಗಸು ಎದುರಾದರೆ ಅಪಶಕುನ ಎನ್ನುವವರಿಗೆ ಈ ಲೆಕ್ಕ ಹೇಳಬೇಕು ಅನ್ನಿಸುತ್ತದೆ. ಜಾಡು ಹಿಡಿಯಲು ಕರೆದುಕೊಂಡು ಹೋಗಬೇಕಾದವರೇ ಅವರು.

ಇನ್ನೊಂದು ತಮಾಷೆ. ಜಿಂಕೆಯ ಕಣ್ಣೂ ಅಜ್ಜನ ಕಣ್ಣಿನ ಥರದ್ದೇ. ಅದಕ್ಕೂ ಎರಡೇ ಶಂಕು. ಅದಕ್ಕೇ ಬೇಟೆಗಾರರು ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿ ತೊಟ್ಟರೂ ಪರವಾಗಿಲ್ಲ. ಒಬ್ಬರಿಗೊಬ್ಬರು ಕಂಡು ಗುಂಡು ತಪ್ಪುತ್ತದೆ, ಜಿಂಕೆಗೆ ಮಾತ್ರ ಅದು ಮಾಸಲು. 2016ರಿಂದ ವಿಸ್ಕಾನ್ಸಿನ್‌ನಲ್ಲಿ ಮಿರುಗುವ ಗುಲಾಬಿಯೂ ನಡೆಯುತ್ತದೆ. ಆದರೆ ನೀಲಿ ಜಿಂಕೆಗೆ ಚೆನ್ನಾಗಿ ಕಾಣುತ್ತದೆ. ನಾನು ಹಾಕಿಕೊಂಡು ಹೋದ ಜೀನ್ಸ್ ನೋಡಿ ಅಜ್ಜ ಬೈದಿದ್ದು ಸರಿಯಾಗಿಯೇ ಇತ್ತು.

ಈಗ ಬಂಡೀಪುರಕ್ಕೆ ಬನ್ನಿ. ನಮ್ಮಲ್ಲಿ ಜಿಂಕೆ ಹೊಡೆಯುವುದು ಅಪರಾಧ, ಮರಸು ಕೂರುತ್ತಿದ್ದವರ ಕಥೆಗಳಷ್ಟೇ ಮಲೆನಾಡಿನ ಜಗಲಿಗಳಲ್ಲಿ ಉಳಿದಿವೆ. ಆದರೆ ಹುಲಿಗೆ ಕಾಯ್ದೆ ಇಲ್ಲವಲ್ಲ. ಅಷ್ಟು ಢಾಳಾದ ಕಿತ್ತಳೆ ಪ್ರಾಣಿ ಹಸಿರು ಪೊದೆಯಲ್ಲಿ ಹೇಗೆ ಅಡಗುತ್ತದೆ ಎಂದು ಸಫಾರಿಗೆ ಹೋದ ಮಕ್ಕಳು ಕೇಳುತ್ತಾರೆ. ಚುಕ್ಕೆ ಜಿಂಕೆಗೆ, ಕಡವೆಗೆ ಆ ಕಿತ್ತಳೆಯೂ ಹುಲ್ಲಿನ ಹಸಿರೂ ಒಂದೇ. ಹಸಿರು ತುಪ್ಪಳ ಬೆಳೆಸಲು ಹುಲಿಯ ಮೈಗೆ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ, ಅಲ್ವಾ? ಗೂಳಿಯ ಕಥೆಯೂ ಇದೇ. ಅದು ಹಾಯುವುದು ಬಟ್ಟೆ ಅಲ್ಲಾಡುತ್ತದೆ ಅಂತ. ಕೆಂಪಿದೆ ಅಂತ ಅಲ್ಲ.

ಅಷ್ಟರಲ್ಲಿ ಕತ್ತಲಾಗುತ್ತಿತ್ತು. ಮುಸ್ಸಂಜೆಯಲ್ಲಿ ಮೊದಲು ಕಪ್ಪಾಗುವ ಬಣ್ಣ ಕೆಂಪು. 19ನೇ ಶತಮಾನದ ಚೆಕ್ ವಿಜ್ಞಾನಿ ಪುರ್ಕಿನ್ಯೆ ಗಮನಿಸಿದ ಸಂಗತಿ ಇದು. ಮಗಳ ಕಣ್ಣೂ ಸೋಲತೊಡಗಿತು. ಟಾರ್ಚ್ ಹಾಕಿದರೆ ಎದುರಾದದ್ದು ಕೆಂಪು ಚುಕ್ಕೆಯ ಮೇಪಲ್ ಎಲೆಗಳು. ಚೀಲದಿಂದ ಹೈಡ್ರೋಜನ್ ಪೆರಾಕ್ಸೈಡ್ ತೆಗೆದು ಸಿಂಪಡಿಸಿದಳು. ಎಲೆಯ ಬಣ್ಣ ಸುಮ್ಮನಿತ್ತು. ರಕ್ತವಿದ್ದ ಕಡೆ ಬುಸ್ಸೆಂದು ನೊರೆ ಎದ್ದಿತು. ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ.

ಆ ನೊರೆ ದಾಟಿ ಮುಂದೆ ಹನಿ ಸಿಗಲಿಲ್ಲ. ನಾವಿಬ್ಬರೂ ಮಂಡಿಯೂರಿ ಎಲೆ ಮಗುಚುತ್ತಿದ್ದೆವು. ಅಜ್ಜ ಹಿಂದೆ ನಿಂತು ಪೊದೆಯ ಕಡೆ ದಿಟ್ಟಿಸುತ್ತಿದ್ದರು. "ಅಗೋ, ಅಲ್ಲಿ ಮಲಗಿದೆ," ಎಂದರು. ನಮಗೆ ಕಂಡದ್ದು ಕಂದು, ಹಳದಿ, ಕೆಂಪು ಎಲೆಗಳ ಗೊಂದಲ. ಆ ಬಣ್ಣಗಳು ಕಾಟ ಕೊಡದ ಅವರ ಕಣ್ಣಿಗೆ ಬೆನ್ನಿನ ಗೆರೆ ಸಿಕ್ಕಿತ್ತು. ಬಣ್ಣದ ಗೋಜಿನಲ್ಲಿ ಅಡಗಿದ ಆಕಾರವನ್ನು ಬಣ್ಣಗುರುಡು ಇರುವವರು ಕೆಲವೊಮ್ಮೆ ನಮಗಿಂತ ಬೇಗ ಹಿಡಿಯುತ್ತಾರೆ ಎಂದು 1992ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಅಜ್ಜನಿಗೆ ಆ ಪ್ರಯೋಗದ ಸುದ್ದಿ ಗೊತ್ತಿರಲಿಲ್ಲ. ಟಾರ್ಚ್ ಮೊಮ್ಮಗನ ಕೈಗೆ ಕೊಟ್ಟು, ಹಗ್ಗ ಹಿಡಿದು ಪೊದೆಯತ್ತ ನಡೆದರು.