ಹೊಸ ಒಡಂಬಡಿಕೆ ಇರುವಾಗ ಹಳೆಯದನ್ನು ಯಾಕೆ ಓದಬೇಕು?

ಪ್ರಶ್ನೆ: ಯೇಸು ಬಂದ ಮೇಲೆ ಬೈಬಲಿನ ಮೊದಲ ಭಾಗವಾದ ಹಳೆಯ ಒಡಂಬಡಿಕೆಯ ಕೆಲಸ ಮುಗಿಯಿತು ಅಲ್ವಾ? ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳನ್ನು ಓದಿದರೆ ಸಾಲದೇ?

ಉತ್ತರ: ಸಾಲದು. ಯೇಸುವಿನ ಕೈಯಲ್ಲಿ ಇದ್ದದ್ದೇ ಆ ಗ್ರಂಥ. ಆಗ ಸುವಾರ್ತೆಗಳನ್ನು ಇನ್ನೂ ಯಾರೂ ಬರೆದೇ ಇರಲಿಲ್ಲ.

"ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು" ಅನ್ನುವುದನ್ನು ನಾವೆಲ್ಲ ಯೇಸುವಿನ ಮಾತು ಅಂತಲೇ ಕಲಿತಿದ್ದೇವೆ. ಅವರು ಹೇಳಿದ್ದು ನಿಜ. ಆದರೆ ಅದು ಮೊದಲು ಇರುವುದು ಹಳೆಯ ಒಡಂಬಡಿಕೆಯ ಯಾಜಕಕಾಂಡ 19:18ರಲ್ಲಿ, ಎಷ್ಟೋ ಜನ ಬೇಜಾರಾಗಿ ಮುಚ್ಚಿಡುವ ಪುಸ್ತಕದಲ್ಲಿ. ಆ ಅಧ್ಯಾಯವನ್ನು ಸ್ವಲ್ಪ ಮೇಲಿನಿಂದ ಓದಿ ನೋಡಿ. ಹೊಲ ಕೊಯ್ಯುವಾಗ ಅಂಚಿನವರೆಗೂ ಕೊಯ್ಯಬೇಡ, ಹಕ್ಕಲು, ಅಂದರೆ ಕೊಯ್ದ ಮೇಲೆ ಹೊಲದಲ್ಲಿ ಉಳಿದ ತೆನೆ, ಆಯಬೇಡ, ದ್ರಾಕ್ಷಿತೋಟದಲ್ಲಿ ಉದುರಿದ ಹಣ್ಣು ಬಡವರಿಗೂ ಪರದೇಶದವರಿಗೂ ಇರಲಿ. ಕೂಲಿಯವನ ಕೂಲಿಯನ್ನು ಬೆಳಗಾಗುವ ತನಕ ಇಟ್ಟುಕೊಳ್ಳಬೇಡ. ಕುರುಡನ ದಾರಿಗೆ ಅಡ್ಡ ಏನನ್ನೂ ಇಡಬೇಡ. ಇಷ್ಟೆಲ್ಲ ಆದ ಮೇಲೆ ಬರುತ್ತದೆ, ಪ್ರೀತಿಸು ಅನ್ನುವ ಮಾತು. ಸಂಜೆಗೆ ಕೂಲಿ ಎಣಿಸಿ ಕೊಡುವುದೂ ಪ್ರೀತಿಯೇ ಅಂತ ನನಗೆ ಅರ್ಥವಾದದ್ದು ಇಲ್ಲಿ.

ಆ ಹಕ್ಕಲನ್ನೇ ನಂಬಿ ಬದುಕಿದವಳು ರೂತಳು. ಮೋವಾಬ್ ಎಂಬ ಪರದೇಶದವಳು, ವಿಧವೆ, ಅತ್ತೆಯ ಜೊತೆ ಬೇತ್ಲೆಹೇಮಿಗೆ ಬಂದು ಬೋವಜನ ಹೊಲದಲ್ಲಿ ತೆನೆ ಆಯ್ದವಳು. ಮತ್ತಾಯ 1ರಲ್ಲಿ ಯೇಸುವಿನ ವಂಶಾವಳಿಯಲ್ಲಿ ಅವಳ ಹೆಸರಿದೆ. ಅವಳ ಕಥೆ ಗೊತ್ತಿಲ್ಲದಿದ್ದರೆ ಅದು ಸುಮ್ನೆ ಇನ್ನೊಂದು ಹೆಸರು.

ಶಿಲುಬೆಯ ಮೇಲಿನ "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?" ಅನ್ನುವ ಕೂಗೂ ಹಳೆಯ ಒಡಂಬಡಿಕೆಯ 22ನೇ ಕೀರ್ತನೆಯ ಮೊದಲ ಸಾಲು. ಸಾಯುವ ಹೊತ್ತಿನಲ್ಲೂ ಅವರ ಬಾಯಿಗೆ ಬಂದದ್ದು ತಮ್ಮ ಜನರ ಹಾಡೇ.

ಹಳೆಯದು ಬೇಡ ಅನ್ನುವ ವಾದ ಹೊಸದೇನಲ್ಲ. ಎರಡನೇ ಶತಮಾನದಲ್ಲಿ ಮಾರ್ಸಿಯನ್ ಎಂಬ ಕ್ರೈಸ್ತ ಬೋಧಕ ಹಾಗೇ ಹೇಳಿದ, ರೋಮ್‌ನ ಕ್ರೈಸ್ತ ಸಭೆ ಅವನನ್ನು ಹೊರಗೆ ಹಾಕಿತು. ಅವನಿಗೆ ಅಡ್ಡ ಬಂದದ್ದು ಯುದ್ಧ, ಕೋಪ, ಶಿಕ್ಷೆಯ ಭಾಗಗಳು. ನನಗೂ ಯುದ್ಧಗಳೇ ತುಂಬಿರುವ ಯೆಹೋಶುವನ ಪುಸ್ತಕ ಓದುವಾಗ ಕಷ್ಟವಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಷ್ಟ ಅಂತ ಬಿಟ್ಟರೆ ಅದರ ಜೊತೆಗೆ ಹಕ್ಕಲೂ ಹೋಗುತ್ತದೆ, ಕೀರ್ತನೆಯೂ ಹೋಗುತ್ತದೆ.

ಇನ್ನೊಂದು ಮಾತು. ಹಳೆಯ ಒಡಂಬಡಿಕೆ ಇವತ್ತಿಗೂ ಯೆಹೂದ್ಯರ ಗ್ರಂಥ. ಪ್ರತಿ ಸಾಲಿನಲ್ಲೂ ಯೇಸುವನ್ನೇ ಹುಡುಕುವ ಅವಸರ ಬೇಡ. ಮೊದಲು ಅದು ಏನು ಹೇಳುತ್ತಿದೆ ಅಂತ ಕೇಳಿಸಿಕೊಳ್ಳಿ.

ಎಲ್ಲಿಂದ ಶುರು ಮಾಡುವುದು ಅಂದರೆ, ರೂತಳ ಪುಸ್ತಕದಿಂದ. ನಾಲ್ಕೇ ಅಧ್ಯಾಯ, ಒಂದೇ ಸಲ ಕೂತು ಓದಬಹುದು. ಆಮೇಲೆ ಯಾಜಕಕಾಂಡ 19.