ಡ್ರೈವರ್ ಸರಿಯಾಗೇ ಓಡ್ತಿದೆ, ವಾರ್ನಿಂಗ್‌ಗೆ ಕಾಸ್ಟ್ ಹಾಕಿದರೆ ಸಾಕಾ?

ಪ್ರಶ್ನೆ: ನನ್ನ ಲಿನಕ್ಸ್ ಡ್ರೈವರ್ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿದೆ. ಆದರೂ ಕೋಡನ್ನು ಓಡಿಸದೆಯೇ ತಪ್ಪು ಹುಡುಕುವ ಸ್ಪಾರ್ಸ್ ಟೂಲ್ ‘ರಿಸ್ಟ್ರಿಕ್ಟೆಡ್ ಎಲ್‌ಇ32’ ಅಂತ ವಾರ್ನಿಂಗ್ ಕೊಡುತ್ತದೆ. ಇದನ್ನು ಬೇರೆ ಟೈಪ್ ಅಂತ ತಿಳಿದುಕೋ ಅಂತ ಹೇಳುವ ಒಂದು ಕಾಸ್ಟ್ ಹಾಕಿ ಮುಗಿಸಬಹುದಾ?

ಬೇಡ. ಎಷ್ಟು ಸಲ ಉತ್ತರ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಅದಕ್ಕೇ ಈ ಸಲ ಬಿಡಿಸಿ ಹೇಳುತ್ತೇನೆ.

‘ಓಡುತ್ತಿದೆ ಅಂದಮೇಲೆ ವಾರ್ನಿಂಗ್ ಸುಳ್ಳು’ ಅನ್ನುವ ನಂಬಿಕೆಯಲ್ಲೇ ತಪ್ಪಿದೆ. ನಿಮ್ಮ ಎಕ್ಸ್86 ಪ್ರೊಸೆಸರ್ ಲಿಟಲ್ ಎಂಡಿಯನ್, ಅಂದರೆ ಸಂಖ್ಯೆಯ ಅತಿ ಕಡಿಮೆ ಬೆಲೆಯ ಬೈಟನ್ನು ಮೊದಲು ಇಡುತ್ತದೆ. ಡಿವೈಸ್ ಕೊಡುವ ಸಂಖ್ಯೆಯೂ ಲಿಟಲ್ ಎಂಡಿಯನ್ (ಎಲ್‌ಇ32 ಅಂದರೆ ಅಂಥ 32 ಬಿಟ್ ಸಂಖ್ಯೆ). ಹಾಗಾಗಿ ಅಲ್ಲಿ ಬೈಟ್‌ಗಳನ್ನು ಪ್ರೊಸೆಸರಿನ ಕ್ರಮಕ್ಕೆ ತರುವ ‘ಎಲ್‌ಇ32_ಟು_ಸಿಪಿಯು’ ಬರೆದರೂ ಒಂದೇ, ಬಿಟ್ಟರೂ ಒಂದೇ. ವರ್ಷವಿಡೀ ಅದೇ ಲ್ಯಾಪ್‌ಟಾಪಿನಲ್ಲಿ ಟೆಸ್ಟ್ ಮಾಡಿದರೂ ಈ ತಪ್ಪು ಕಾಣಿಸುವುದಿಲ್ಲ. ಕಾಣಿಸುವುದಕ್ಕೆ ಸಾಧ್ಯವೇ ಇಲ್ಲ! ಅದೇ ಡ್ರೈವರನ್ನು ಬಿಗ್ ಎಂಡಿಯನ್ (ಬೈಟ್‌ಗಳ ಕ್ರಮ ಉಲ್ಟಾ) ಆದ ಐಬಿಎಂ ಮೇನ್‌ಫ್ರೇಮ್ ಎಸ್390 ಮೇಲೆ ಓಡಿಸಿ. ಡಿವೈಸ್ ಕೊಟ್ಟ 1 ಅನ್ನೋದು 1,67,77,216 ಆಗಿಬಿಡುತ್ತದೆ. ಅದು ಬಫರಿನ ಉದ್ದವಾಗಿದ್ದರೆ ಏನಾಗಬಹುದು, ನೀವೇ ಯೋಚಿಸಿ.

2003ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಸ್ಪಾರ್ಸ್ ಬರೆಯಲು ಶುರುಮಾಡಿದ್ದೇ ಇಂಥದ್ದಕ್ಕೆ: ಯೂಸರ್ ಪಾಯಿಂಟರ್, ಕರ್ನಲ್ ಪಾಯಿಂಟರ್ ಬೆರೆತುಹೋಗುವಂಥ, ಕಂಪೈಲರ್ ಕಣ್ಣಿಗೆ ಬೀಳದ ತಪ್ಪು ಹಿಡಿಯಲು. ನೀವು ಸ್ಪಾರ್ಸ್ ಬಾಯಿ ಮುಚ್ಚಿಸುವ ‘ಫೋರ್ಸ್’ ಕಾಸ್ಟ್ ಹಾಕಿದರೆ ತಪ್ಪು ಅಲ್ಲೇ ಉಳಿಯುತ್ತದೆ. ಮುಂದೆ ಆ ಕೋಡ್ ನೋಡುವವರಿಗೆ ಸುಳಿವೂ ಸಿಗುವುದಿಲ್ಲ. ಸ್ಟ್ರಕ್ಟ್‌ನಲ್ಲಿ ಫೀಲ್ಡನ್ನು ಎಲ್‌ಇ32 ಅಂತಲೇ ಇಡಿ, ಬಳಸುವ ಜಾಗದಲ್ಲಿ ಪರಿವರ್ತಿಸಿ. ಅಷ್ಟೇ ಕೆಲಸ. ವಾರ್ನಿಂಗ್ ನಿಜಕ್ಕೂ ಸುಳ್ಳಾಗಿರುವುದೂ ಉಂಟು. ಆಗ ಯಾಕೆ ಸುಳ್ಳು ಅಂತ ಕಮಿಟ್ ಮೆಸೇಜಿನಲ್ಲಿ ಬರೆಯಿರಿ.

ನೀವು ಕೇಳಲಿಲ್ಲ, ಆದರೂ ಇನ್ನೊಂದು ಹೇಳಲೇಬೇಕು. ಸ್ಪಾರ್ಸ್ ಥರದ್ದೇ ಇನ್ನೊಂದು ಟೂಲ್ ಸ್ಮ್ಯಾಚ್. ‘ನಲ್ ಚೆಕ್ (ಪಾಯಿಂಟರ್ ಖಾಲಿಯಾ ಅನ್ನುವ ಪರೀಕ್ಷೆ) ಇದೆಯಲ್ಲ, ಸ್ಮ್ಯಾಚ್ ಯಾಕೆ ತಕರಾರು ಮಾಡುತ್ತದೆ’ ಅನ್ನುವವರು ಜಾಸ್ತಿ. ಚೆಕ್ ಇದ್ದರೆ ಸಾಲದು, ಅದು ಎಲ್ಲಿದೆ ಅಂತ ನೋಡಬೇಕು. 2009ರಲ್ಲಿ ಬಂದ 2.6.30 ಕರ್ನಲ್‌ನ ಟನ್ ಅನ್ನುವ ವರ್ಚುವಲ್ ನೆಟ್‌ವರ್ಕ್ ಡ್ರೈವರ್‌ನಲ್ಲಿ ಪಾಯಿಂಟರನ್ನು ಮೊದಲು ಬಳಸಿ, ಆಮೇಲೆ ಅದು ನಲ್ ಹೌದಾ ಅಂತ ಪರೀಕ್ಷಿಸಿದ್ದರು. ಬಳಸಿ ಆಗಿದೆ, ಇನ್ನು ನಲ್ ಆಗಿರಲಾರದು ಅಂತ ಜಿಸಿಸಿ ಕಂಪೈಲರ್ ಆ ಚೆಕ್ಕನ್ನೇ ಕಿತ್ತುಹಾಕಿತು. ಮಾಮೂಲಿ ಬಳಕೆದಾರ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗುವ ದಾರಿ ತೆರೆದುಕೊಂಡಿತು. ಆಮೇಲೆ, ಇಂಥ ಚೆಕ್ ತೆಗೆಯಬೇಡ ಅಂತ ಕಂಪೈಲರ್‌ಗೆ ಹೇಳುವ ಫ್ಲ್ಯಾಗನ್ನು ಕರ್ನಲ್‌ನ ಬಿಲ್ಡ್‌ಗೇ ಸೇರಿಸಿದರು. ಹಾಗಂತ ಫ್ಲ್ಯಾಗ್ ನಂಬಿ ಕೂರಬೇಡಿ. ಚೆಕ್‌ಗಿಂತ ಮೊದಲೇ ಪಾಯಿಂಟರ್ ಬಳಸಿದ್ದೀರಿ ಅಂತ ಸ್ಮ್ಯಾಚ್ ಹೇಳಿದರೆ, ಆ ಸಾಲನ್ನು ಚೆಕ್‌ನ ಕೆಳಗೆ ಇಳಿಸಿ.