ಕೊಲಂಬಸ್ ಚೌಕಕ್ಕೆ ಅರ್ಧ ಗಂಟೆ ಸಾಕಾ?

ಪ್ರಶ್ನೆ: ಡೊಮಿನಿಕನ್ ರಿಪಬ್ಲಿಕ್‌ಗೆ ಹೋಗುತ್ತಿದ್ದೇವೆ. ಸ್ಯಾಂಟೊ ಡೊಮಿಂಗೊದ ಹಳೇ ಪೇಟೆಯಲ್ಲಿ ಪಾರ್ಕೆ ಕೊಲೋನ್ ಅನ್ನೋ ಚೌಕ ಇದೆಯಂತೆ. ಫೋಟೋದಲ್ಲಿ ಒಂದು ಪ್ರತಿಮೆ, ನಾಲ್ಕು ಮರ, ಒಂದಷ್ಟು ಪಾರಿವಾಳ ಬಿಟ್ಟರೆ ಏನೂ ಕಾಣಲಿಲ್ಲ. ಅರ್ಧ ಗಂಟೆ ಸಾಕಲ್ವಾ?

ಉತ್ತರ: ಸುಮ್ನೆ ಫೋಟೋ ತೆಗೆದು ಹೊರಡುವುದಾದರೆ ಹತ್ತೇ ನಿಮಿಷ ಸಾಕು. ಆದರೆ ಒಮ್ಮೆ ಪ್ರತಿಮೆಯ ಬುಡಕ್ಕೆ ಹೋಗಿ ನೋಡಿ. 1887ರಲ್ಲಿ ನಿಲ್ಲಿಸಿದ್ದು. ಮೇಲೆ ಕೊಲಂಬಸ್ ಕೈ ಚಾಚಿ ನಿಂತಿದ್ದಾನೆ. ಕೆಳಗಿನಿಂದ ಒಬ್ಬ ತಾಯಿನೊ ಹೆಂಗಸು ಅವನತ್ತ ಹತ್ತುತ್ತಿದ್ದಾಳೆ. ಅವಳು ಅನಕಾವೊನಾ ಅಂತ ಜನ ಹೇಳುತ್ತಾರೆ. ಈ ದ್ವೀಪದ ಮೂಲನಿವಾಸಿಗಳಾದ ತಾಯಿನೊ ಜನರ ನಾಯಕಿ. ಸ್ಪೇನ್‌ನ ಗವರ್ನರ್ ನಿಕೊಲಾಸ್ ದೆ ಒವಾಂದೊ ಬಂದಾಗ ಆದರದಿಂದ ಬರಮಾಡಿಕೊಂಡಳು. ಅವನು ಅವಳ ಕಡೆಯ ಮುಖಂಡರನ್ನು ಸುಟ್ಟು ಹಾಕಿಸಿದ, ಆಮೇಲೆ ಅವಳನ್ನು ಗಲ್ಲಿಗೇರಿಸಿದ. ಅಂಥವಳನ್ನು ಕೊಲಂಬಸ್‌ನನ್ನು ಹೊಗಳುವ ಸಾಲಿನ ಪಕ್ಕ ಕೆತ್ತಿದ್ದಾರೆ! ನನಗಂತೂ ಇಡೀ ಚೌಕದಲ್ಲಿ ಜಾಸ್ತಿ ಹೊತ್ತು ನೋಡಬೇಕಾದ್ದು ಇದೇ.

ಪಕ್ಕದಲ್ಲೇ ಕಥೀಡ್ರಲ್ ಇದೆ, ಅಮೆರಿಕ ಖಂಡಗಳಲ್ಲೇ ಅತಿ ಹಳೆಯದು. 1540ರ ಹೊತ್ತಿಗೆ ಕಟ್ಟಿ ಮುಗಿದಿತ್ತು. ಚೌಕದಿಂದ ಕಾಣುವುದು ಅದರ ಪಕ್ಕದ ಬಾಗಿಲು. ಕೆತ್ತನೆ ಜೋರಾಗಿರುವ ಮುಂಬಾಗಿಲಿಗೆ ಪಶ್ಚಿಮದ ಕಡೆ ಸುತ್ತಿಕೊಂಡು ಹೋಗಬೇಕು. ತುಂಬಾ ಜನ ಅದನ್ನು ನೋಡದೆಯೇ ವಾಪಸ್ ಬರುತ್ತಾರೆ. 1586ರಲ್ಲಿ ಇಂಗ್ಲಿಷ್ ನಾವಿಕ ಫ್ರಾನ್ಸಿಸ್ ಡ್ರೇಕ್ ಊರನ್ನು ದೋಚಿದಾಗ ಬೀಡು ಬಿಟ್ಟಿದ್ದು ಇದರೊಳಗೇ. 25,000 ಡುಕಾಟ್ (ಆಗಿನ ಚಿನ್ನದ ನಾಣ್ಯ) ಕೈಗೆ ಬಂದ ಮೇಲೆಯೇ ಜಾಗ ಖಾಲಿ ಮಾಡಿದ. ಒಳಗೆ ಹೋಗಲು ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ.

ಅಲ್ಲಿಂದ ಪೂರ್ವಕ್ಕೆ ಎರಡು ಹೆಜ್ಜೆ ಹಾಕಿದರೆ ಲಾಸ್ ದಾಮಾಸ್ ಬೀದಿ. ಹೆಸರಿನ ಅರ್ಥ 'ಹೆಂಗಸರ ಬೀದಿ'. ಕೊಲಂಬಸ್‌ನ ಸೊಸೆ ಮರಿಯಾ ದೆ ತೊಲೆದೊ ತನ್ನ ಸಖಿಯರ ಜೊತೆ ಇಲ್ಲಿ ಅಡ್ಡಾಡುತ್ತಿದ್ದಳಂತೆ. ಒವಾಂದೊನ ಮನೆಯೂ ಈ ಬೀದಿಯಲ್ಲೇ ಇದೆ. ಈಗ ಅದು ಹೋಟೆಲ್! ಬೀದಿಯ ಉತ್ತರದ ಕೊನೆಯಲ್ಲಿ ಪ್ಲಾಸಾ ದೆ ಎಸ್ಪಾನ್ಯಾ, ಕೊಲಂಬಸ್‌ನ ಮಗ ದಿಯೆಗೊನ ಅರಮನೆ, ಕೆಳಗೆ ಒಸಾಮಾ ನದಿ.

ಹಾಗಾಗಿ ಅರ್ಧ ದಿನ ಇಟ್ಟುಕೊಳ್ಳಿ. ಸೋಮವಾರ ಬೇಡ, ಮ್ಯೂಸಿಯಂಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಮಧ್ಯಾಹ್ನದ ಬಿಸಿಲಿಗೆ ಪ್ಲಾಸಾ ದೆ ಎಸ್ಪಾನ್ಯಾದ ಕಲ್ಲುಹಾಸು ಕಾದ ಹೆಂಚಿನಂತಾಗುತ್ತದೆ. ಅದನ್ನು ಸಂಜೆಗೆ ಉಳಿಸಿಕೊಳ್ಳಿ. ಗೈಡ್ ಬೇಕಿದ್ದರೆ ಹೊರಡುವ ಮೊದಲೇ ಎಷ್ಟು ಪೆಸೊ ಅಂತ ಮಾತಾಡಿಕೊಳ್ಳಿ.